ಮಳೆಗಾಲದ ನೆಗಡಿಗೆ ವಿಟಮಿನ್ ಡಿ: ಮಕ್ಕಳಿಗೆ 60,000ದ ಪುಡಿ ಕೊಡಬಹುದಾ?

ಟಿಳಕವಾಡಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಇರುತ್ತೇವೆ. ಮಗನಿಗೆ ಏಳು ವರ್ಷ, ಮಗಳಿಗೆ ಹತ್ತು ತಿಂಗಳು. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮಗನ ನೆಗಡಿ ಬಿಟ್ಟೇ ಇಲ್ಲ. ಒಂದು ವಾಸಿಯಾಗಿ ಮೂಗು ಒಣಗುವಷ್ಟರಲ್ಲಿ ಇನ್ನೊಂದು ಶುರು. ಅವನಿಂದ ಪಾಪುಗೆ ಬರುತ್ತೆ, ಆಮೇಲೆ ನನಗೆ. ಶುಂಠಿ ಕಷಾಯ, ಅರಿಶಿಣದ ಹಾಲು, ಆವಿ ಎಲ್ಲ ನಡೆದಿದೆ.

ಸೊಂಟ ನೋವು ಅಂತ ನಾನು ಡಾಕ್ಟರ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ 14 (ಎಂಎಲ್‌ಗೆ ಇಷ್ಟು ನ್ಯಾನೋಗ್ರಾಂ ಅಂತ ಲೆಕ್ಕ) ಬಂತು, ಕಡಿಮೆ ಅಂದರು. ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಎಂಟು ವಾರ ತಗೊಳ್ಳಿ ಅಂದರು. ಈಗ ಪಕ್ಕದ ಮನೆಯವರು ಹೇಳೋದು ಏನಂದ್ರೆ, "ನಿಮ್ಮ ಮಗನಿಗೂ ಇದೇ ಕೊರತೆ ಇರಬೇಕು, ಅದಕ್ಕೇ ಪದೇ ಪದೇ ನೆಗಡಿ. ಅರ್ಧ ಪುಡಿ ಹಾಲಿನಲ್ಲಿ ಹಾಕಿ ಕೊಡಿ, ಇಮ್ಯೂನಿಟಿ ಬರುತ್ತೆ." ಕೊಡಬಹುದಾ? ವಿಟಮಿನ್ ಡಿಗೂ ನೆಗಡಿಗೂ ನಿಜವಾಗಿ ಸಂಬಂಧ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ತಿಕೋಟಾ ದ್ರಾಕ್ಷಿ ಬೆಳೆಗಾರ

ಅಕ್ಕಾರೆ, ನನಗೆ ಇದರಲ್ಲಿ ಒಂದು ವಿಷಯ ಅರ್ಥ ಆಗಲ್ಲ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಇಂಥ ನಾಡಿನಲ್ಲಿ ಬಿಸಿಲಿನ ವಿಟಮಿನ್ನಿಗೆ ಕೊರತೆ ಅಂದ್ರೆ ನಂಬೋದು ಹೇಗೆ? ಮೊದಲು ಯಾರೂ ಈ ಹೆಸರು ಕೇಳಿರಲಿಲ್ಲ. ಈಗ ಎಲ್ಲರ ರಿಪೋರ್ಟ್‌ನಲ್ಲೂ ಕಡಿಮೆ. ಪರೀಕ್ಷೆ ಮಾಡಿಸಿದ್ದಕ್ಕೇ ಕಡಿಮೆ ಬರುತ್ತೆ ಅನ್ಸುತ್ತೆ. ನನ್ನ ತೋಟದಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ದಿನವಿಡೀ ಬಿಸಿಲು ಇದೆ, ಅವರಿಗೂ ನೆಗಡಿ ಬರುತ್ತೆ. ಹಾಗಾದರೆ ಸಂಬಂಧ ಎಲ್ಲಿ ಬಂತು?

ಇಳಕಲ್ ಮಗ್ಗದ ಮನೆ

ಅಣ್ಣಾರೆ, ಬಿಸಿಲು ಊರಲ್ಲಿದ್ದರೆ ಸಾಲದು, ಮೈಮೇಲೆ ಬೀಳಬೇಕು. ನಮ್ಮ ಮನೆಯ ಮಾತು ಹೇಳುತ್ತೇನೆ.

ನಮ್ಮದು ಸೀರೆ ನೇಯುವ ಮನೆ. ಅಪ್ಪ ಬೆಳಗ್ಗೆ ಕುಣಿ ಮಗ್ಗಕ್ಕೆ ಇಳಿದರೆ ಊಟಕ್ಕೆ ಮಾತ್ರ ಮೇಲೆ ಬರುತ್ತಾರೆ. ಕಾಲು ಕುಣಿಯಲ್ಲಿ, ತಲೆ ಮೇಲೆ ಮನೆಯ ಮಾಳಿಗೆ. ಅವ್ವ ಕಂಡಿಕೆ ಸುತ್ತುತ್ತಾಳೆ, ಅಡುಗೆ ಮಾಡುತ್ತಾಳೆ, ಹೊರಗೆ ಹೋದರೆ ತಲೆ ತುಂಬ ಸೆರಗು, ಮೊಣಕೈವರೆಗೆ ಕುಪ್ಪಸ. ಹೊರಗೆ ಸುಡುವ ಬಿಸಿಲು ಇರುತ್ತೆ, ಒಳಗೆ ಇವರು ಲೈಟ್ ಹಾಕಿಕೊಂಡು ದುಡಿಯುತ್ತಾರೆ. ಗುಳೇದಗುಡ್ಡದಲ್ಲಿ ಖಣ ನೇಯುವವರು, ರಬಕವಿ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವರು, ಅಕ್ಕಾರ ಊರಲ್ಲೇ ಶಹಾಪುರ, ವಡಗಾವಿಯ ನೇಕಾರರು, ಎಲ್ಲರ ಕೆಲಸವೂ ಸೂರಿನ ಕೆಳಗೇ.

ಅವ್ವನಿಗೆ ತೊಡೆ, ಸೊಂಟ ಎಲ್ಲ ನೋವು. ನೆಲದ ಮೇಲೆ ಕೂತರೆ ಗೋಡೆ ಹಿಡಿದು ಏಳಬೇಕಿತ್ತು. ವಯಸ್ಸಾಯಿತು ಅಂತ ಎಲ್ಲರೂ ಸುಮ್ನೆ ಇದ್ದರು. ಕೊನೆಗೆ ಡಾಕ್ಟರು ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 9 ಇತ್ತು. ಔಷಧಿ, ಕ್ಯಾಲ್ಸಿಯಂ ಎರಡೂ ಕೊಟ್ಟರು. ಕೆಲವು ತಿಂಗಳಲ್ಲಿ ಅವ್ವ ಗೋಡೆ ಬಿಟ್ಟು ಏಳತೊಡಗಿದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಕೊರತೆ ಸುಳ್ಳು ಅಂತ ಯಾರೂ ಹೇಳಬೇಡಿ. ಆದರೆ ನೆಗಡಿ? ಆ ವರ್ಷವೂ ಬಂತು, ಮರುವರ್ಷವೂ ಬಂತು. ಅದರಲ್ಲಿ ನನಗೇನೂ ಬದಲಾವಣೆ ಕಾಣಲಿಲ್ಲ.

ನವನಗರ ಬಯಾಲಜಿ ಟೀಚರ್

ಬಾಗಲಕೋಟೆಯಿಂದ ನಮಸ್ಕಾರ. ಸಂಬಂಧ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಉತ್ತರಿಸುತ್ತೇನೆ. ಪಿಯುಸಿ ಮಕ್ಕಳು ನನಗೆ ಪ್ರತಿ ವರ್ಷ ಇದನ್ನೇ ಕೇಳುತ್ತಾರೆ.

ನಮ್ಮ ಚರ್ಮದಲ್ಲಿ ಕೊಲೆಸ್ಟ್ರಾಲ್‌ಗೆ ಹತ್ತಿರದ ಒಂದು ಪದಾರ್ಥ ಇದೆ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಅದಕ್ಕೆ ತಗುಲಿದಾಗ ವಿಟಮಿನ್ ಡಿ3 ಆಗುತ್ತೆ. ಅದು ಹಾಗೇ ಕೆಲಸಕ್ಕೆ ಬರಲ್ಲ. ಮೊದಲು ಲಿವರ್‌ನಲ್ಲಿ ಒಮ್ಮೆ ಬದಲಾಗಬೇಕು. ರಕ್ತ ಪರೀಕ್ಷೆಯಲ್ಲಿ ಅಳೆಯೋದು ಈ ರೂಪವನ್ನೇ. ಆಮೇಲೆ ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾಗಿ ಕ್ಯಾಲ್ಸಿಟ್ರಿಯಾಲ್ ಆಗುತ್ತೆ. ಅದು ಹಾರ್ಮೋನಿನ ಥರ ಕೆಲಸ ಮಾಡುತ್ತೆ, ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತೆ. ಮಕ್ಕಳಲ್ಲಿ ಇದು ತೀರಾ ಕಡಿಮೆಯಾದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತೆ. ಅದು ರಿಕೆಟ್ಸ್. ದೊಡ್ಡವರಲ್ಲಿ ಇಳಕಲ್ ತಾಯಿಗೆ ಬಂದಂಥ ನೋವು.

ಬಹಳ ಕಾಲ ವಿಜ್ಞಾನಿಗಳಿಗೆ ಗೊತ್ತಿದ್ದದ್ದು ಮುಖ್ಯವಾಗಿ ಈ ಮೂಳೆಯ ಕಥೆ. ನಂತರ ನಮ್ಮ ರೋಗ ನಿರೋಧಕ ಜೀವಕೋಶಗಳಲ್ಲೂ ವಿಟಮಿನ್ ಡಿಯನ್ನು ಹಿಡಿಯುವ ರಿಸೆಪ್ಟರ್ ಇದೆ ಅಂತ ಗೊತ್ತಾಯಿತು. 2006ರಲ್ಲಿ ಒಂದು ಮುಖ್ಯ ಸಂಶೋಧನೆ ಬಂತು. ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣ ಕ್ಷಯದ ಬ್ಯಾಕ್ಟೀರಿಯಾದ ಗುರುತು ಹಿಡಿದಾಗ, ಕಿಡ್ನಿಯನ್ನು ಕಾಯದೆ ತಾನೇ ವಿಟಮಿನ್ ಡಿಯನ್ನು ಕೊನೆಯ ರೂಪಕ್ಕೆ ತರುತ್ತೆ. ಅದರ ಬಲದಿಂದ ಕ್ಯಾಥೆಲಿಸಿಡಿನ್ ಅನ್ನುವ ಪುಟ್ಟ ಪ್ರೋಟೀನ್ ತಯಾರಿಸುತ್ತೆ. ಇದು ರೋಗಾಣುವಿನ ಹೊರಪೊರೆಯನ್ನೇ ಒಡೆಯುತ್ತೆ. ಮೂಗು, ಗಂಟಲು, ಶ್ವಾಸನಾಳದ ಒಳಪದರದಲ್ಲೂ ಇಂಥ ಪ್ರೋಟೀನ್‌ಗಳು ಇವೆ. ಇನ್ನೊಂದು ಕೆಲಸವೂ ಇದೆ. ಉರಿಯೂತ ಹದ್ದುಮೀರದಂತೆ ನೋಡಿಕೊಳ್ಳೋದು. ನೆಗಡಿಯಲ್ಲಿ ಮೂಗು ಕಟ್ಟೋದು, ಗಂಟಲು ಕೆರೆಯೋದು ಹೆಚ್ಚಾಗಿ ವೈರಸ್ ಮಾಡಿದ ಗಾಯದಿಂದ ಅಲ್ಲ, ನಮ್ಮ ದೇಹವೇ ಎಬ್ಬಿಸುವ ಉರಿಯೂತದಿಂದ.

ಆದ್ದರಿಂದ "ಇಮ್ಯೂನಿಟಿಗೂ ವಿಟಮಿನ್ ಡಿಗೂ ಸಂಬಂಧ ಇದೆ" ಅನ್ನೋ ಮಾತು ಸರಿ. ಅದು ಪ್ರಯೋಗಶಾಲೆಯಲ್ಲಿ ತೋರಿಸಿದ ಸತ್ಯ. "ಪುಡಿ ತಗೊಂಡ್ರೆ ನೆಗಡಿ ಬರಲ್ಲ" ಅನ್ನೋದು ಬೇರೆಯೇ ಮಾತು. ಅದನ್ನು ಜನರ ಮೇಲೆ ಪರೀಕ್ಷೆ ಮಾಡಿಯೇ ಹೇಳಬೇಕು. ಡಾಕ್ಟರು ಯಾರಾದರೂ ಇದ್ದರೆ ಆ ಭಾಗ ಹೇಳಿ.

ಹುಕ್ಕೇರಿ ಓದುಗ

ನನ್ನ ಅನುಭವ ಬೇರೆ. ಹೋದ ಚಳಿಗಾಲದಲ್ಲಿ ನೆಗಡಿ ಬಿಡಲೇ ಇಲ್ಲ. ಫೆಬ್ರವರಿಯಲ್ಲಿ ವಾರಕ್ಕೊಂದು 60,000ದ ಗುಳಿಗೆ ಶುರು ಮಾಡಿದೆ. ಆಮೇಲೆ ಬೇಸಿಗೆ ಪೂರ್ತಿ ಒಂದು ಸೀನೂ ಬರಲಿಲ್ಲ. ಕೋರ್ಸ್ ಮುಗಿದ ಮೇಲೂ ನಾನು ನಿಲ್ಲಿಸಿಲ್ಲ. ನನಗೆ ಇದು ಕೆಲಸ ಮಾಡಿದೆ.

ಚಿಕ್ಕೋಡಿ ಮಕ್ಕಳ ಡಾಕ್ಟರ್

ಇಲ್ಲಿ ನಾಲ್ಕೈದು ಪ್ರಶ್ನೆ ಒಟ್ಟಿಗೆ ಇವೆ. ಮೊದಲು ತಾಯಿಯವರಿಗೆ ನೇರ ಉತ್ತರ: ಮಗನಿಗೆ ಅರ್ಧ ಪುಡಿ ಕೊಡಬೇಡಿ. ನಿಮ್ಮ ಔಷಧಿ ನಿಮ್ಮ ರಿಪೋರ್ಟ್ ನೋಡಿ, ನಿಮ್ಮ ನೋವು ನೋಡಿ ಕೊಟ್ಟದ್ದು. ಮಗುವಿನ ಲೆಕ್ಕ ಬೇರೆ.

ಏಳು ವರ್ಷದ ಮಗುವಿಗೆ ಮಳೆಗಾಲದಲ್ಲಿ ಪದೇ ಪದೇ ನೆಗಡಿ ಬರೋದು ಕೊರತೆಯ ಗುರುತು ಅಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಾಮಾನ್ಯ. ಶಾಲೆಗೆ ಹೋಗುವ ಮಕ್ಕಳಲ್ಲಿ ಇವು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿಯೊಂದಕ್ಕೂ ಒಂದು ವಾರ, ಹತ್ತು ದಿನ ಹಿಡಿಯುತ್ತೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ ಇವೆ. ಒಂದರಿಂದ ಗೆದ್ದರೆ ಇನ್ನೊಂದಕ್ಕೆ ಅದು ರಕ್ಷಣೆ ಆಗಲ್ಲ. ಬೆಳಗಾವಿ ಮಳೆಯಲ್ಲಿ ಕಿಟಕಿ ಮುಚ್ಚಿದ ಕ್ಲಾಸಿನಲ್ಲಿ ಐವತ್ತು ಮಕ್ಕಳು ಕೂತರೆ ವೈರಸ್ಸಿಗೆ ಇನ್ನೇನು ಬೇಕು? ಮಗು ಚೆನ್ನಾಗಿ ಬೆಳೆಯುತ್ತಿದ್ದರೆ, ನಡುನಡುವೆ ಆಟ ಆಡಿಕೊಂಡು ಲವಲವಿಕೆಯಿಂದ ಇದ್ದರೆ ಹೆದರಬೇಡಿ.

ಈಗ ಜನರ ಮೇಲೆ ನಡೆದ ಪರೀಕ್ಷೆಗಳ ವಿಷಯ. ನನಗೆ ಇದು ಬಹಳ ಮುಖ್ಯ ಅನ್ಸುತ್ತೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಗೋಲಿಯಾದಲ್ಲಿ ಚಳಿಗಾಲ ಭೀಕರ. ಅಲ್ಲಿನ ಶಾಲಾ ಮಕ್ಕಳ ರಕ್ತದಲ್ಲಿ ವಿಟಮಿನ್ ಡಿ ಸುಮಾರು 7 ಇತ್ತು. ನಮ್ಮ ಇಳಕಲ್ ತಾಯಿಗಿಂತಲೂ ಕಡಿಮೆ. ಒಂದು ಗುಂಪಿಗೆ ದಿನಕ್ಕೆ 300 ಯೂನಿಟ್ ಸೇರಿಸಿದ ಹಾಲು, ಇನ್ನೊಂದಕ್ಕೆ ಬರೀ ಹಾಲು ಕೊಟ್ಟರು. ವಿಟಮಿನ್ ಸಿಕ್ಕ ಮಕ್ಕಳಲ್ಲಿ ನೆಗಡಿ, ಕೆಮ್ಮಿನಂಥ ಸೋಂಕು ಹೆಚ್ಚುಕಡಿಮೆ ಅರ್ಧ ಆಯಿತು. ಇದು 2012ರಲ್ಲಿ ಪ್ರಕಟವಾಯಿತು. ಅದೇ ವರ್ಷ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಿಂದ ಇನ್ನೊಂದು ಬಂತು. ಅಲ್ಲಿ 322 ಆರೋಗ್ಯವಂತ ದೊಡ್ಡವರು. ಅವರಲ್ಲಿ ಕೊರತೆ ಹೆಚ್ಚೇನೂ ಇರಲಿಲ್ಲ. ಅರ್ಧ ಜನರಿಗೆ ಮೊದಲ ಎರಡು ತಿಂಗಳು 2 ಲಕ್ಷ ಯೂನಿಟ್, ಆಮೇಲೆ ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್, ಒಟ್ಟು ಒಂದೂವರೆ ವರ್ಷ ಕೊಟ್ಟರು. ಫಲ ಏನು? ಔಷಧಿ ತಗೊಂಡವರಿಗೆ ತಲಾ 3.7 ನೆಗಡಿ, ತಗೊಳ್ಳದವರಿಗೆ 3.8. ಅಂದರೆ ಏನೂ ವ್ಯತ್ಯಾಸ ಇಲ್ಲ.

2017ರಲ್ಲಿ ಇಂಥ 25 ಪರೀಕ್ಷೆಗಳನ್ನು, ಸುಮಾರು 11 ಸಾವಿರ ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ಒಟ್ಟಾರೆ ಲಾಭ ಚಿಕ್ಕದು. 33 ಜನ ತಗೊಂಡರೆ ಒಬ್ಬರಿಗೆ ಸೋಂಕು ತಪ್ಪುತ್ತೆ, ಅಷ್ಟೇ. ಆದರೆ ರಕ್ತದಲ್ಲಿ 10ಕ್ಕಿಂತ ಕಡಿಮೆ ಇದ್ದು, ದಿನವೂ ಅಥವಾ ವಾರವಾರ ಸಣ್ಣ ಪ್ರಮಾಣದಲ್ಲಿ ತಗೊಂಡವರಲ್ಲಿ ಲಾಭ ದೊಡ್ಡದಾಗಿತ್ತು. ತಿಂಗಳಿಗೊಮ್ಮೆ ದೊಡ್ಡ ಡೋಸ್ ನುಂಗಿದವರಲ್ಲಿ ಲಾಭ ಕಾಣಲಿಲ್ಲ. ಪತ್ರಿಕೆಗಳಲ್ಲಿ "ವಿಟಮಿನ್ ಡಿಯಿಂದ ನೆಗಡಿ ದೂರ" ಅಂತ ಬಂದದ್ದು ಈ ಕಾಲದಲ್ಲಿ.

ಆಮೇಲೆ ಕೊರೊನಾ ಕಾಲದ ದೊಡ್ಡ ಪರೀಕ್ಷೆಗಳು ಬಂದವು. ಬ್ರಿಟನ್‌ನಲ್ಲಿ 6,200 ಜನರ ಮೇಲೆ ನಡೆದದ್ದರಲ್ಲಿ ಲಾಭ ಇಲ್ಲ. ನಾರ್ವೆಯಲ್ಲಿ 34 ಸಾವಿರಕ್ಕೂ ಜಾಸ್ತಿ ಜನರಿಗೆ ವಿಟಮಿನ್ ಡಿ ಇರುವ ಕಾಡ್ ಮೀನಿನ ಲಿವರ್ ಎಣ್ಣೆ ಅಥವಾ ಬೇರೆ ಎಣ್ಣೆ ಕೊಟ್ಟರು, ಅಲ್ಲೂ ಲಾಭ ಇಲ್ಲ. ಈ ಎರಡರ ಫಲ ಬರುವ ಮೊದಲು, 2021ರಲ್ಲಿ ಆವರೆಗಿನ ಪರೀಕ್ಷೆಗಳನ್ನು ಮತ್ತೆ ಒಟ್ಟು ಹಾಕಿದಾಗ, ಔಷಧಿ ತಗೊಂಡವರಲ್ಲಿ 100ಕ್ಕೆ 61.3 ಜನರಿಗೆ ಸೋಂಕು ಬಂದಿತ್ತು, ತಗೊಳ್ಳದವರಲ್ಲಿ 62.3. 2025ರಲ್ಲಿ ಇನ್ನೂ ಹೊಸ ಪರೀಕ್ಷೆಗಳನ್ನು ಸೇರಿಸಿದಾಗ ಆ ಒಂದಿಷ್ಟು ವ್ಯತ್ಯಾಸವೂ ಖಚಿತ ಅಂತ ಹೇಳಲು ಆಗದಂತಾಯಿತು. ತೀರಾ ಕಡಿಮೆ ಇದ್ದವರಿಗೆ ವಿಶೇಷ ಲಾಭ ಅಂತ 2017ರಲ್ಲಿ ಕಂಡದ್ದು ಕೂಡ ಹೊಸ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ.

ನಾನು ಮಕ್ಕಳ ತಂದೆತಾಯಿಗೆ ಹೇಳೋದು ಇಷ್ಟೇ. ಕೊರತೆ ಇದ್ದರೆ ಮೂಳೆಗಾಗಿ, ಸ್ನಾಯುವಿಗಾಗಿ ಖಂಡಿತ ಸರಿಪಡಿಸೋಣ. ನೆಗಡಿ ನಿಲ್ಲಿಸುತ್ತೆ ಅನ್ನೋ ಭರವಸೆ ಮಾತ್ರ ನಾನು ಕೊಡಲಾರೆ.

ಹುಕ್ಕೇರಿ ಅಣ್ಣಾರೆ, ನೀವು ಫೆಬ್ರವರಿಯಲ್ಲಿ ಶುರು ಮಾಡಿದ್ದೀರಿ. ಆಮೇಲೆ ಬಂದದ್ದು ಬೇಸಿಗೆ. ಗುಳಿಗೆ ತಗೊಳ್ಳದ ನಿಮ್ಮ ಓಣಿಯವರಿಗೂ ಆಗ ನೆಗಡಿ ಕಡಿಮೆಯೇ ಇದ್ದಿರಬೇಕು, ಅಲ್ವಾ? ಅದಕ್ಕೇ ಈ ಪರೀಕ್ಷೆಗಳಲ್ಲಿ ಯಾವಾಗಲೂ ಇನ್ನೊಂದು ಗುಂಪು ಇರುತ್ತೆ. ಮುಖ್ಯವಾಗಿ, ಕೋರ್ಸ್ ಮುಗಿದ ಮೇಲೂ ಮುಂದುವರಿಸಿದ್ದೀರಲ್ಲ, ಅದನ್ನು ನಿಮ್ಮ ಡಾಕ್ಟರಿಗೆ ಬೇಗ ತಿಳಿಸಿ.

ತಿಕೋಟಾ ದ್ರಾಕ್ಷಿ ಬೆಳೆಗಾರ

ಡಾಕ್ಟ್ರೇ, ಈ ದೊಡ್ಡ ಡೋಸ್, ಸಣ್ಣ ಡೋಸ್ ವಿಷಯ ನನಗೆ ಹಿಡಿಸಿತು. ದ್ರಾಕ್ಷಿಗೆ ನಾವು ಡ್ರಿಪ್‌ನಲ್ಲಿ ದಿನಾ ಸ್ವಲ್ಪ ಸ್ವಲ್ಪ ನೀರು ಕೊಡುತ್ತೇವೆ. ತಿಂಗಳ ನೀರನ್ನು ಒಂದೇ ದಿನ ಹಾಯಿಸಿದರೆ ಬೇರಿಗೆ ಸಿಗೋದಕ್ಕಿಂತ ಹರಿದು ಹೋಗೋದೇ ಜಾಸ್ತಿ. ದೇಹದಲ್ಲೂ ಹಾಗೇನಾ?

ಚಿಕ್ಕೋಡಿ ಮಕ್ಕಳ ಡಾಕ್ಟರ್

ಒಂದು ವಿವರಣೆ ಹತ್ತಿರ ಹತ್ತಿರ ಅದೇ. ಒಮ್ಮೆಲೇ ಜಾಸ್ತಿ ಬಂದಾಗ ವಿಟಮಿನ್ ಡಿಯನ್ನು ಒಡೆದು ಹಾಕುವ ಕಿಣ್ವವನ್ನೂ ದೇಹ ಜಾಸ್ತಿ ಮಾಡುತ್ತೆ. ಹಾಗಂತ ವಾರದ 60,000 ತಪ್ಪು ಅಂತ ತಿಳಿಯಬೇಡಿ. ದಿನವೂ ನೆನಪಿಟ್ಟು ನುಂಗಲಾಗದವರಿಗೆ, ಕೊರತೆ ಇರುವ ದೊಡ್ಡವರಿಗೆ, ಕೆಲವು ವಾರಗಳ ಮಟ್ಟಿಗೆ ಅದನ್ನು ನಮ್ಮ ದೇಶದಲ್ಲಿ ಎಲ್ಲ ಕಡೆ ಕೊಡುತ್ತಾರೆ. ಅದು ಚಿಕಿತ್ಸೆ. ಆರೋಗ್ಯವಾಗಿರುವವರಿಗೆ ದಿನಕ್ಕೆ ಬೇಕಾದದ್ದು ಸುಮಾರು 600 ಯೂನಿಟ್. ಅಂದರೆ ಒಂದು ಪುಡಿಯಲ್ಲಿ ನೂರು ದಿನದ್ದು ಇದೆ.

ಜಮಖಂಡಿ ಔಷಧಿ ಅಂಗಡಿ

ಡಾಕ್ಟರು ಹೇಳಿದ ಈ ನೂರು ದಿನದ ಮಾತನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಿ. ಅಂಗಡಿಯಲ್ಲಿ ಕೂತು ನಾನು ನೋಡಿದ್ದು ಹೇಳುತ್ತೇನೆ.

ಜನ ಬಂದು "ತಾಕತ್ತಿನ ಪುಡಿ ಕೊಡ್ರಿ" ಅಂತ ಕೇಳುತ್ತಾರೆ. ಚೀಟಿ ಇರಲ್ಲ. ಚೀಟಿ ತಂದವರಲ್ಲೂ ಕೆಲವರು ವಾರಕ್ಕೊಂದು ಅನ್ನೋದನ್ನು ದಿನಕ್ಕೊಂದು ಅಂತ ತಿಳಿಯುತ್ತಾರೆ. ಉಳಿದ ಔಷಧಿ ಎಲ್ಲ ದಿನಾ ಒಂದು, ದಿನಾ ಎರಡು ಅಂತ ಇರುತ್ತೆ. ಇದೊಂದು ಮಾತ್ರ ವಾರಕ್ಕೊಮ್ಮೆ. ಹಾಗಾಗಿ ಗೊಂದಲ ಸಹಜ. ನಮ್ಮ ಕಡೆಯ ಒಬ್ಬ ಹಿರಿಯರು ಹೀಗೇ ದಿನಾ ಒಂದರಂತೆ ತಗೊಂಡರು. ಊಟ ಸೇರಲಿಲ್ಲ, ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ಬಾಯಾರಿಕೆ, ಪದೇ ಪದೇ ಮೂತ್ರ. ಆಮೇಲೆ ಮಾತು ತೊದಲಿ ಗೊಂದಲಕ್ಕೆ ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಮನೆಯವರು ಬಹಳ ಕಷ್ಟಪಟ್ಟರು. ಈ ವಿಟಮಿನ್ ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುತ್ತೆ. ಬಿ ಕಾಂಪ್ಲೆಕ್ಸ್ ಥರ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡಲ್ಲ.

ಈಗ ನಾನು ಪ್ರತಿ ಪುಡಿಯ ಮೇಲೆ ಪೆನ್ನಿನಿಂದ ವಾರದ ಹೆಸರು ಬರೆದು ಕೊಡುತ್ತೇನೆ. "ಸೋಮವಾರ ಮಾತ್ರ" ಅಂತ. ಓದಲು ಬರದವರಿಗೆ, "ನಿಮ್ಮೂರ ಸಂತೆ ದಿನ ಒಂದು, ಮುಂದಿನ ಸಂತೆಗೆ ಇನ್ನೊಂದು" ಅನ್ನುತ್ತೇನೆ. ಸಂತೆ ದಿನವನ್ನು ಯಾರೂ ಮರೆಯಲ್ಲ.

ಟಿಳಕವಾಡಿ ಅಕ್ಕಾರೆ, ನಿಮ್ಮ ಪಾಪುಗೆ ಡ್ರಾಪ್ಸ್ ಕೊಡುತ್ತಿದ್ದರೆ ಬಾಟಲಿ ಮೇಲೆ ಒಮ್ಮೆ ನೋಡಿ. ಒಂದು ಎಂಎಲ್‌ಗೆ 400 ಯೂನಿಟ್ ಇರೋದೂ ಸಿಗುತ್ತೆ, 800 ಇರೋದೂ ಸಿಗುತ್ತೆ. ಡಬ್ಬಿ ನೋಡಲು ಒಂದೇ ಥರ. ಕಂಪನಿ ಬದಲಾದಾಗ ಹಳೆಯ ಅಳತೆಯಲ್ಲೇ ಕೊಟ್ಟುಬಿಡುತ್ತಾರೆ.

ಟಿಳಕವಾಡಿ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಪುಡಿ ಕೊಡಲ್ಲ. ಪಾಪುಗೆ ಡ್ರಾಪ್ಸ್ ಆರು ತಿಂಗಳವರೆಗೆ ಹಾಕಿ ನಿಲ್ಲಿಸಿದ್ದೆವು. ಮುಂದುವರಿಸಬೇಕಾ ಡಾಕ್ಟ್ರೇ? ನಮ್ಮ ಅತ್ತೆಯವರು ಎಣ್ಣೆ ಹಚ್ಚಿ ಬೆಳಗಿನ ಎಳೆ ಬಿಸಿಲಿಗೆ ಹಿಡಿಯುತ್ತಾರೆ. ಅದರಲ್ಲೇ ಎಲ್ಲ ಸಿಗುತ್ತೆ ಅಂತಾರೆ. ಮಗ ಶಾಲೆ ಬಸ್ಸಿನ ಕಿಟಕಿ ಪಕ್ಕ ಬಿಸಿಲಲ್ಲೇ ಕೂರುತ್ತಾನೆ, ಅದು ಲೆಕ್ಕಕ್ಕೆ ಬರುತ್ತಾ?

ಚಿಕ್ಕೋಡಿ ಮಕ್ಕಳ ಡಾಕ್ಟರ್

ಒಂದು ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಹಾಕಿ. ತಾಯಿಯ ಹಾಲಿನಲ್ಲಿ ಎಲ್ಲ ಇದೆ, ವಿಟಮಿನ್ ಡಿ ಮಾತ್ರ ಬಹಳ ಕಡಿಮೆ. ನಿಮ್ಮಲ್ಲೇ 14 ಇದ್ದಾಗ ಹಾಲಿನಲ್ಲಿ ಇನ್ನೂ ಕಡಿಮೆ. ಔಷಧಿ ಅಂಗಡಿಯವರು ಹೇಳಿದಂತೆ ಅಳತೆ ನೋಡಿಕೊಳ್ಳಿ. ವರ್ಷದ ನಂತರ ಏನು ಅಂತ ಮಗುವನ್ನು ತೋರಿಸಿ ಕೇಳಿ.

ಅತ್ತೆಯವರ ಎಣ್ಣೆ ಸ್ನಾನ, ಎಳೆ ಬಿಸಿಲು ಬೇಡ ಅನ್ನಬೇಡಿ. ಮಗುವಿಗೆ ಬೆಚ್ಚಗಿರುತ್ತೆ, ಅಜ್ಜಿಗೂ ಖುಷಿ. ಆದರೆ ವಿಟಮಿನ್ ಡಿ ಮಾಡುವ ಯುವಿ-ಬಿ ಬೆಳಗ್ಗೆ ಏಳು ಗಂಟೆಯ ಬಿಸಿಲಿನಲ್ಲಿ ತೀರಾ ಕಡಿಮೆ. ಸೂರ್ಯ ಓರೆಯಾಗಿರುವಾಗ ಆ ಕಿರಣ ಗಾಳಿಯ ಪದರದಲ್ಲೇ ಹೆಚ್ಚಾಗಿ ಹೀರಿಹೋಗುತ್ತೆ. ಸೂರ್ಯ ನೆತ್ತಿಯ ಹತ್ತಿರ ಬಂದಾಗಲೇ ಅದು ಚೆನ್ನಾಗಿ ಸಿಗೋದು. ಗಡಿಯಾರ ಬೇಡ, ನೆರಳು ನೋಡಿ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ವಿಟಮಿನ್ ಆಗುತ್ತೆ. ಉದ್ದ ಇದ್ದರೆ ಹೆಚ್ಚೇನೂ ಆಗಲ್ಲ. ಪಾಪುವನ್ನು ಮಾತ್ರ ಹಾಗೆ ನಡುಹಗಲಿನ ಬಿಸಿಲಿಗೆ ಹಿಡಿಯಬೇಡಿ, ಅವಳಿಗೆ ಡ್ರಾಪ್ಸೇ ಸಾಕು.

ಬಸ್ಸಿನ ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತೆ. ಬಿಸಿ ತಾಗುತ್ತೆ, ವಿಟಮಿನ್ ಸಿಗಲ್ಲ. ಮಗನಿಗೆ ಬೇಕಾದದ್ದು ಮೈದಾನ. ಊಟದ ಬಿಡುವಿನಲ್ಲಿ ಅರ್ಧ ತೋಳು, ಚಡ್ಡಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಹೊರಗೆ ಓಡಾಡಿದರೆ ಒಳ್ಳೆಯದು. ಮಳೆ ಮೋಡದ ತಿಂಗಳುಗಳಲ್ಲಿ ಕಡಿಮೆ ಸಿಗುತ್ತೆ, ಆದರೆ ದೇಹದಲ್ಲಿರುವ ಸಂಗ್ರಹ ತಕ್ಷಣ ಖಾಲಿಯಾಗಲ್ಲ. ರಕ್ತದಲ್ಲಿ ನಾವು ಅಳೆಯುವ ರೂಪ ಅರ್ಧಕ್ಕೆ ಇಳಿಯಲು ಎರಡು ಮೂರು ವಾರ ಬೇಕು. ಮಳೆ ಬಿಡುವು ಕೊಟ್ಟ ದಿನಗಳು ಲೆಕ್ಕಕ್ಕೆ ಬರುತ್ತವೆ.

ವಿಜಯಪುರ ಗೃಹಿಣಿ

ನೆರಳಿನ ಲೆಕ್ಕ ಬಹಳ ಚೆನ್ನಾಗಿದೆ. ಆದರೆ ಮೈದಾನಕ್ಕೆ ಹೋಗಿ ಅಂತ ನಮ್ಮಂಥ ಹೆಂಗಸರಿಗೆ ಹೇಳಿದರೆ ಆಗೋದಿಲ್ಲ. ಹೊರಗೆ ಹೋಗುವಾಗ ಮೈತುಂಬ ಬಟ್ಟೆ. ಸೆರಗಿರಲಿ, ಬುರ್ಖಾ ಇರಲಿ, ಚರ್ಮಕ್ಕೆ ಬಿಸಿಲು ತಾಗಲ್ಲ. ನಮ್ಮೂರ ಮನೆಗಳಿಗೆ ಮಾಳಿಗೆ ಇದೆ, ಅದೇ ನಮ್ಮ ಜಾಗ. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ ಒಣಗಿಸಲು ಹೇಗೂ ಮೇಲೆ ಹತ್ತುತ್ತೇವೆ. ಚಳಿಗಾಲದಲ್ಲಿ ಯಾರೂ ಹತ್ತಲ್ಲ. ನಾನೀಗ ನವೆಂಬರ್‌ನಿಂದಲೂ ಕಾಳು ಹಸನು ಮಾಡುವ ಕೆಲಸವನ್ನು ಹನ್ನೊಂದರ ಸುಮಾರಿಗೆ ಮಾಳಿಗೆ ಮೇಲೆ ಇಟ್ಟುಕೊಂಡಿದ್ದೇನೆ. ತೋಳು ಮೇಲೆ ಮಡಚಿ, ಬೆನ್ನು ಬಿಸಿಲಿಗೆ ಕೊಟ್ಟು ಕೂರುತ್ತೇನೆ. ಸೊಸೆಯನ್ನೂ ಕರೆಯುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಹತ್ತು ಗಂಟೆಯೊಳಗೆ ಇಳಿದುಬಿಡಬೇಕು, ತಲೆ ತಿರುಗುತ್ತೆ.

ನನ್ನ ಪ್ರಶ್ನೆ ಬೇರೆ. ನಾವು ಮೊಟ್ಟೆ, ಮೀನು ತಿನ್ನಲ್ಲ. ರೊಟ್ಟಿ, ಪಲ್ಯೆ, ಕಾಳು, ಶೇಂಗಾ ಹಿಂಡಿ, ಮೊಸರು. ಇದರಲ್ಲಿ ವಿಟಮಿನ್ ಡಿ ಎಷ್ಟಿದೆ? ಪುಡಿ, ಗುಳಿಗೆ ಯಾವುದರಿಂದ ಮಾಡುತ್ತಾರೆ?

ನವನಗರ ಬಯಾಲಜಿ ಟೀಚರ್

ಅಕ್ಕಾರೆ, ನಮ್ಮ ಊಟ ಬೇರೆ ಎಲ್ಲದರಲ್ಲೂ ಒಳ್ಳೆಯದು, ಇದೊಂದರಲ್ಲಿ ಹೆಚ್ಚುಕಡಿಮೆ ಸೊನ್ನೆ. ರೊಟ್ಟಿ, ಕಾಳು, ತರಕಾರಿಯಲ್ಲಿ ಇಲ್ಲ. ಸಾದಾ ಹಾಲು, ತುಪ್ಪದಲ್ಲಿ ಅಲ್ಪಸ್ವಲ್ಪ. ಮೊಟ್ಟೆ ತಿನ್ನುವವರಿಗೂ ಒಂದು ಹಳದಿಯಲ್ಲಿ 40 ಯೂನಿಟ್ ಆಸುಪಾಸು ಸಿಗುತ್ತೆ. ಶಾಲೆಯಲ್ಲಿ ಮೊಟ್ಟೆ ಕೊಡೋದು ಪ್ರೋಟೀನ್‌ಗೆ ಬಹಳ ಒಳ್ಳೆಯದು, ವಿಟಮಿನ್ ಡಿಗೆ ಅದೊಂದೇ ಸಾಲದು. ಬಂಗುಡೆ, ಬೂತಾಯಿಯಂಥ ಎಣ್ಣೆ ಅಂಶದ ಮೀನಿನಲ್ಲಿ ಜಾಸ್ತಿ ಇದೆ, ಅದು ಕರಾವಳಿಯವರ ಊಟ. ಹಾಲಿನ ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಅನ್ನುವ ನೀಲಿ ಗುರುತು ಇದ್ದರೆ ಅದಕ್ಕೆ ವಿಟಮಿನ್ ಎ ಮತ್ತು ಡಿ ಸೇರಿಸಿರುತ್ತಾರೆ. ಲೀಟರಿಗೆ 200ರಿಂದ 300 ಯೂನಿಟ್. ಮಂಗೋಲಿಯಾದ ಮಕ್ಕಳಿಗೆ ದಿನಕ್ಕೆ ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ, ಆದರೆ ಅದಕ್ಕೆ ನಾವು ಲೀಟರ್ ಹಾಲು ಕುಡಿಯಬೇಕು. ಅಣಬೆ ಕತ್ತರಿಸಿ ನಡುಹಗಲಿನ ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಅದರಲ್ಲಿ ಡಿ2 ತಯಾರಾಗುತ್ತೆ. ನಮ್ಮಲ್ಲಿ ಅಣಬೆ ತಿನ್ನುವವರು ಕಡಿಮೆ ಅನ್ನೋದು ಬೇರೆ ಮಾತು.

ಪುಡಿಯಲ್ಲಿರುವ ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತೆ. ಉಣ್ಣೆ ಕತ್ತರಿಸಿ ತೊಳೆದಾಗ ಬಿಡುವ ಆ ಮೇಣದಂಥ ಜಿಡ್ಡಿನಿಂದ ಕೊಲೆಸ್ಟ್ರಾಲ್ ತೆಗೆದು, ಅದನ್ನು ನಮ್ಮ ಚರ್ಮದಲ್ಲಿರುವ ಪದಾರ್ಥವಾಗಿ ಬದಲಾಯಿಸಿ, ಯುವಿ ಬೆಳಕು ಹಾಯಿಸಿ ತಯಾರಿಸುತ್ತಾರೆ. ನಮ್ಮ ಚರ್ಮದಲ್ಲಿ ನಡೆಯುವ ಕ್ರಿಯೆಯೇ ಅಲ್ಲಿ ಕಾರ್ಖಾನೆಯಲ್ಲಿ ನಡೆಯುತ್ತೆ. ಕುರಿಯನ್ನು ಕೊಲ್ಲಬೇಕಿಲ್ಲ. ಮೆತ್ತನೆಯ ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುತ್ತೆ. ಅದು ಬೇಡ ಅನ್ನುವವರು ಅಂಗಡಿಯಲ್ಲಿ ಪುಡಿ ಅಥವಾ ಮಾತ್ರೆ ಕೇಳಿ.

ಹುಕ್ಕೇರಿ ಓದುಗ

ಡಾಕ್ಟ್ರೇ, ನಾಳೆಯೇ ತೋರಿಸಲು ಹೋಗುತ್ತೇನೆ. ಆದರೆ ಒಂದು ಕೇಳಬೇಕು. ನನಗೆ ಪರೀಕ್ಷೆ ಮಾಡಿಸದೆಯೇ ಶುರು ಮಾಡಿದ್ದು. ಮನೆಯವರೆಲ್ಲ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳೋದು ಒಳ್ಳೆಯದಲ್ವಾ? ಇಡೀ ಬಾಡಿ ಚೆಕಪ್ ಪ್ಯಾಕೇಜ್‌ನಲ್ಲಿ ಅದೂ ಬರುತ್ತೆ.

ಚಿಕ್ಕೋಡಿ ಮಕ್ಕಳ ಡಾಕ್ಟರ್

ನಿಮಗೆ ಈಗ ಮಾಡಿಸಬೇಕು, ಜೊತೆಗೆ ಕ್ಯಾಲ್ಸಿಯಂ ಮತ್ತು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ. ಮನೆಯವರಿಗೆಲ್ಲ ಬೇಕಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ ಅನ್ನುವ ಹಾರ್ಮೋನು ತಜ್ಞರ ಸಂಸ್ಥೆ 2011ರಲ್ಲಿ 30ಕ್ಕಿಂತ ಮೇಲೆ ಇರಬೇಕು ಅಂದಿತ್ತು. 2024ರಲ್ಲಿ ಅದೇ ಸಂಸ್ಥೆ ಆ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ನೆ ಪರೀಕ್ಷೆ ಬೇಡ ಅಂತಲೂ ಹೇಳಿತು. ಆದರೆ ಎಷ್ಟೋ ಲ್ಯಾಬ್ ರಿಪೋರ್ಟ್‌ಗಳಲ್ಲಿ ಇಂದಿಗೂ 30ರ ಕೆಳಗೆ ಇದ್ದರೆ ದಪ್ಪಕ್ಷರದಲ್ಲಿ ಬರುತ್ತೆ. 24, 26 ಬಂದವರು ನಿದ್ದೆಗೆಟ್ಟು ಬರುತ್ತಾರೆ. ತಿಕೋಟಾ ಅಣ್ಣಾರ ಅನುಮಾನದಲ್ಲಿ ಈ ಮಟ್ಟಿಗೆ ಹುರುಳಿದೆ. ಆದರೆ 9, 14 ಬೇರೆ ವಿಷಯ, ಅವು ಚಿಕಿತ್ಸೆ ಬೇಕಾದ ಕೊರತೆಗಳೇ.

ಪರೀಕ್ಷೆ ಯಾರಿಗೆ ಬೇಕು? ಮೂಳೆ ನೋವು ಅಥವಾ ಸ್ನಾಯುಗಳ ಬಲಹೀನತೆ ಇರುವವರಿಗೆ. ಕಾಲು ಬಾಗುತ್ತಿರುವ ಅಥವಾ ತಡವಾಗಿ ನಡೆಯುತ್ತಿರುವ ಮಗುವಿಗೆ. ಕಿಡ್ನಿ, ಲಿವರ್ ಕಾಯಿಲೆ ಇರುವವರಿಗೆ, ಮೂರ್ಛೆಗೆ ಔಷಧಿ ತಗೊಳ್ಳುವವರಿಗೆ. ಪದೇ ಪದೇ ನೆಗಡಿ ಅನ್ನೋದು ಈ ಪಟ್ಟಿಯಲ್ಲಿ ಇಲ್ಲ.

ಇಳಕಲ್ ಮಗ್ಗದ ಮನೆ

ಹಾಗಾದರೆ ನೆಗಡಿಗೆ ಮಾಡೋದೇನು ಡಾಕ್ಟ್ರೇ? ನಮ್ಮ ಕಡೆ ಒಂದು ಇಂಜೆಕ್ಷನ್, ನಾಲ್ಕು ಆ್ಯಂಟಿಬಯೋಟಿಕ್ ಗುಳಿಗೆ ಕೊಟ್ಟೇ ಕಳಿಸುತ್ತಾರೆ.

ಚಿಕ್ಕೋಡಿ ಮಕ್ಕಳ ಡಾಕ್ಟರ್

ನೆಗಡಿ ವೈರಸ್‌ನಿಂದ ಬರೋದು, ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಇರೋದು. ಇಲ್ಲಿ ಅದರಿಂದ ಉಪಯೋಗ ಇಲ್ಲ. ಮಗುವಿಗೆ ಮೂಗಿಗೆ ಉಪ್ಪುನೀರಿನ ಹನಿ, ಬೆಚ್ಚಗಿನ ನೀರು, ಗಂಜಿ, ಜ್ವರ ಇದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಒಂದು ವರ್ಷ ದಾಟಿದ ಮಗುವಿಗೆ ಕೆಮ್ಮಿಗೆ ಮಲಗುವಾಗ ಒಂದು ಚಮಚ ಜೇನುತುಪ್ಪ. ಪಾಪುಗೆ ಜೇನು ಬೇಡ. ಹೊರಗಿಂದ ಬಂದ ತಕ್ಷಣ ಸೋಪು ಹಚ್ಚಿ ಕೈ ತೊಳೆಸಿ, ಮಗ ಮೂಗು ಒರೆಸಿಕೊಂಡ ಕೈಯಲ್ಲಿ ತಂಗಿಯನ್ನು ಮುಟ್ಟದಂತೆ ನೋಡಿಕೊಳ್ಳಿ. ಮಲಗುವ ಕೋಣೆಯಲ್ಲಿ ಒಲೆ ಹೊಗೆ, ಬೀಡಿ ಹೊಗೆ ಇರಬಾರದು. ಆವಿಗೆ ಕುದಿಯುವ ನೀರಿನ ಪಾತ್ರೆಯನ್ನು ಮಕ್ಕಳ ಮುಂದೆ ಇಡಬೇಡಿ, ಸುಟ್ಟ ಗಾಯ ಆಗಿ ಬರುವ ಮಕ್ಕಳನ್ನು ನಾನು ಪ್ರತಿ ಮಳೆಗಾಲ ನೋಡುತ್ತೇನೆ.

ಮಗು ಮಲಗಿದಾಗ ಎದೆ ನೋಡಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸೋದು ಕಲಿಯಿರಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಜಾಸ್ತಿ ಇದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯೋದು ಬಿಟ್ಟರೆ ಅದು ನೆಗಡಿ ಅಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಟಿಳಕವಾಡಿ ಅಮ್ಮ

ಈಗಷ್ಟೇ ಪಾಪುವಿನ ಉಸಿರು ಎಣಿಸಿದೆ, 36 ಇದೆ. ಡ್ರಾಪ್ಸ್ ಬಾಟಲಿ ಹುಡುಕಿ ನೋಡಿದೆ, ಎಂಎಲ್‌ಗೆ 800 ಅಂತ ಬರೆದಿದೆ. ಹಾಗಾದರೆ ಅರ್ಧ ಎಂಎಲ್ ಸಾಕು ತಾನೇ? ನನ್ನ ಪುಡಿ ಖಾಲಿ ಹೊಟ್ಟೆಗಾ, ಊಟದ ಮೇಲಾ?

ಜಮಖಂಡಿ ಔಷಧಿ ಅಂಗಡಿ

ಹೌದು ಅಕ್ಕಾರೆ, 800ರ ಬಾಟಲಿ ಆದರೆ ಅರ್ಧ ಎಂಎಲ್. ತೆರೆದು ಬಹಳ ದಿನ ಆಗಿದ್ದರೆ ಹೊಸದು ತನ್ನಿ. ನಿಮ್ಮ ಪುಡಿಯನ್ನು ಊಟ ಆದ ಮೇಲೆ ಹಾಲಿನಲ್ಲಿ ಕಲಸಿ ಕುಡಿಯಿರಿ. ಊಟದಲ್ಲಿ ಸ್ವಲ್ಪ ತುಪ್ಪವೋ ಎಣ್ಣೆಯೋ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತೆ. ಎಂಟು ವಾರ ಮುಗಿದ ಮೇಲೆ ಅದೇ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ, ಡಾಕ್ಟರನ್ನು ಕಂಡು ಮುಂದೆ ಎಷ್ಟು ಅಂತ ಕೇಳಿ.